ತೆಗೆಯದೆ ಉಳಿದ ಹಾಳೆ

ಆ ಭಾನುವಾರ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗೆ ಹೋಗಿ ಕರಿಬೇವು, ತೊಗರಿಬೇಳೆ ತಂದಿದ್ದೆವು. ಊಟ ಮುಗಿಸಿ ನನ್ನ ಗಂಡ ಅಡುಗೆಮನೆಯ ಮೇಜಿನಲ್ಲೇ ಪತ್ರ ಬರೆಯಲು ಕೂತ. ಅವನದು ಜಪಾನಿನಿಂದ ಬಂದು ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕುಟುಂಬ. ಅಕ್ಕ, ತಮ್ಮ ಇಬ್ಬರೂ ಮೆಲ್ಬರ್ನ್‌ನಲ್ಲಿ, ನಾವು ಸಿಡ್ನಿಯಲ್ಲಿ. ಇಮೇಲ್ ಬಂದ ಮೇಲೂ ಮೂವರ ನಡುವೆ ಒಂದು ದಪ್ಪ ಲಕೋಟೆ ಸುತ್ತುತ್ತಿತ್ತು. ಅದರಲ್ಲಿ ಮೂವರ ಹಾಳೆಗಳೂ ಇರುತ್ತಿದ್ದವು. ಕೈಗೆ ಬಂದಾಗ ತನ್ನ ಹಳೆಯ ಹಾಳೆಯನ್ನು ತೆಗೆದು, ಹೊಸದು ಬರೆದಿಟ್ಟು ಮುಂದಿನವರಿಗೆ ಕಳಿಸಬೇಕು. ಇನ್ನೊಬ್ಬರ ಹಾಳೆ ತೆಗೆಯುವಂತಿಲ್ಲ.

“ಸಾರು ತುಂಬಾ ಖಾರ. ಅಕ್ಕನಿಗೆ ಕಂಪ್ಲೇಂಟ್ ಬರೀತೀನಿ,” ಎಂದ. ನನ್ನಿಂದ ಕಲಿತ ಕನ್ನಡ ಅವನಿಗೆ ಅಷ್ಟಿಷ್ಟು ಬರುತ್ತಿತ್ತು.

“ಬರಿ, ಬರಿ. ಮೂರು ಸಲ ಹಾಕಿಸ್ಕೊಂಡೆಯಲ್ಲ, ಅದನ್ನೂ ಬರಿ.”

“ಅದು ಬರೆಯಲ್ಲ. ಜಾಗ ಇಲ್ಲ.”

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಪ್ಯಾರಮಟ್ಟಾ ಸ್ಟೇಷನ್ನಿನಲ್ಲಿ ಕುಸಿದು ಬಿದ್ದ. ಹೃದಯಾಘಾತ ಎಂದರು. ಆ ದಿನಗಳಲ್ಲಿ ನಾನು ಅತ್ತದ್ದು ನೆನಪಿಲ್ಲ. ಬಂದವರಿಗೆ ಕಾಫಿ ಮಾಡಿದೆ. ಅವನ ಅಂಗಿಗಳನ್ನು ಒಗೆದು ಇಸ್ತ್ರಿ ಹಾಕಿದೆ. ಅವನು ಸ್ಟಾಂಪ್ ಅಂಟಿಸಿಟ್ಟಿದ್ದ ಲಕೋಟೆಯನ್ನೂ ಪೋಸ್ಟ್ ಮಾಡಿದೆ.

ಕೆಲವು ತಿಂಗಳ ಮೇಲೆ ಅದು ಸುತ್ತಿ ನಮ್ಮ ಮನೆಗೆ ಬಂತು. ಅಕ್ಕ, ತಮ್ಮ ಹೊಸದಾಗಿ ಬರೆದಿದ್ದರು. ಅವನ ಹಾಳೆ ಹಾಗೇ ಇತ್ತು. ನನಗೆ ಜಪಾನಿ ಓದಲು ಬಾರದು, ಅವನ ಅಕ್ಷರದ ಗುರುತು ಮಾತ್ರ ಸಿಗುತ್ತದೆ. ತೆಗೆದಿಟ್ಟುಕೊಳ್ಳೋಣ ಎನಿಸಿತು. ಅವನು ಕೊನೆಯದಾಗಿ ಬರೆದದ್ದು ಅದೇ. ಆದರೆ ತೆಗೆದುಬಿಟ್ಟರೆ ಆ ಸುತ್ತಿನಲ್ಲಿ ನಮ್ಮ ಮನೆ ಇರುವುದಿಲ್ಲ.

ಅವನ ಅಕ್ಕನಿಗೆ ಫೋನ್ ಮಾಡಿದೆ. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ.

“ನಾವು ತೆಗೆಯಲಿಲ್ಲ,” ಎಂದರು. “ಬೇಕಾದರೆ ನೀನು ಇಟ್ಟುಕೋ. ಆದರೆ ನಿಮ್ಮ ಮನೆಯದು ಅಂತ ಒಂದು ಹಾಳೆ ಇರಲಿ. ನೀನು ಬರಿ.”

“ನಾನು ಬರೆಯೋದು ಕನ್ನಡ. ನಿಮಗೆ ಓದೋಕೆ ಬರಲ್ವಲ್ಲ.”

“ಅವನ ಕೈಬರಹ ಮಾತ್ರ ನನಗೆ ಯಾವತ್ತು ಓದೋಕೆ ಬಂದಿತ್ತು?” ನಕ್ಕರು.

ಅವನ ಹಾಳೆಯನ್ನು ತೆಗೆಯಲಿಲ್ಲ. ಅದರ ಜೊತೆಗೆ ನನ್ನದೊಂದು ಸೇರಿಸಿದೆ. ಚಳಿ ಶುರುವಾಗಿದೆ, ಹೀಟರ್ ರಿಪೇರಿ ಮಾಡಿಸಿದೆ, ಚೆನ್ನಾಗಿದ್ದೇನೆ ಎಂದು ಬರೆದೆ.

ಲಕೋಟೆ ಈಗಲೂ ಬರುತ್ತದೆ. ನನ್ನ ಹಳೆಯ ಹಾಳೆಯನ್ನು ತೆಗೆದು ಹೊಸದು ಇಡುತ್ತೇನೆ. ಅವನದು ಮಡಿಕೆಗಳಲ್ಲಿ ಹರಿಯತೊಡಗಿದೆ. ಅವನ ಹೊಸ ಹಾಳೆ ಇಲ್ಲ.