ಹಡಗಿನ ಮೈಮೇಲಿನ ಗೆರೆ

ವಿಶಾಖಪಟ್ಟಣ ಬಂದರಿನಲ್ಲಿ ನನ್ನ ಕೆಲಸ, ಸರಕು ತುಂಬಿದ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ಅಳೆಯುವುದು. ಒಂದು ಬೆಳಿಗ್ಗೆ ನನ್ನ ದೋಣಿಗೆ ಹಡಗಿನ ಏಜೆಂಟರ ಅತ್ತೆಯೂ ಹತ್ತಿದರು. ಹುಟ್ಟಿದ್ದು ಬಳ್ಳಾರಿ, ವಿಜಯವಾಡದಲ್ಲಿ ಕಾನೂನು ಕಲಿಸಿ ನಿವೃತ್ತರಾದವರು, ಮಾತಿಗೊಂದು ತೆಲುಗಿನ ಗೌರವದ 'ಅಂಡಿ'. ಕೇಂದ್ರ ಸರ್ಕಾರ ಯಾವ ವರ್ಷವೂ ಆದಾಯ ಮೀರಿ ಖರ್ಚು ಮಾಡಕೂಡದು ಎಂದು ಸಂವಿಧಾನದಲ್ಲೇ ಬರೆಯಬೇಕೆಂಬುದು ಅವರ ಹಟ. ಪರಿಚಯದ ಸಂಸದರೊಬ್ಬರಿಗಾಗಿ ಅದರ ಮಸೂದೆ ಬರೆಯುತ್ತಿದ್ದರು.

ಮಂಜಿನಲ್ಲಿ ಹಡಗು ಒಂದು ಊರಿನಷ್ಟು ದೊಡ್ಡದಾಗಿ, ಸದ್ದಿಲ್ಲದೆ ತೇಲುತ್ತಿತ್ತು. ಅದರ ಮೈಮೇಲಿನ ಬಿಳಿ ಗೆರೆ ತೋರಿಸಿ, ಇದು ಮುಳುಗಿದರೆ ಹಡಗು ಹೊರಡುವಂತಿಲ್ಲ ಎಂದೆ.

"ನಾನು ಕೇಳ್ತಿರೋದೂ ಇದೇ ಅಂಡಿ! ಒಂದೇ ಒಂದು ಗೆರೆ. ಈಗ ನೀರು ಎಲ್ಲಿದೆ, ಹೇಳಿ."

ನೀರು ಗೆರೆಯನ್ನು ಮುಚ್ಚಿತು, ಬಿಟ್ಟಿತು, ಮತ್ತೆ ಮುಚ್ಚಿತು.

"ಒಂದು ಅಲೆ ನೋಡಿ ಹೇಳೋಕಾಗಲ್ಲಮ್ಮ. ಹತ್ತಾರು ಅಲೆ ನೋಡಿ ನಡುವಿನದನ್ನ ಬರ್ಕೋತೀನಿ."

ಅವರೂ ಬಗ್ಗಿ ಅಲೆ ಎಣಿಸತೊಡಗಿದರು. ದೋಣಿ ತೊಟ್ಟಿಲಿನಂತೆ ತೂಗುತ್ತಿತ್ತು. ಗೆರೆಯನ್ನೇ ನೋಡುತ್ತ ಎಷ್ಟು ಹೊತ್ತು ಕೂತೆವೋ, ಕೊನೆಗೆ ಹಡಗು ನಿಂತಲ್ಲೇ ಇದ್ದು ನಾವಿಬ್ಬರೇ ಮುಳುಗಿ ಏಳುತ್ತಿದ್ದೇವೆ ಅನ್ನಿಸಿತು.

ಮಾರನೆಯ ದಿನ ಅವರ ಫೋನ್ ಬಂತು, ವಿಜಯವಾಡದ ಬೆಂಜ್ ಸರ್ಕಲ್‌ನ ಹಾರ್ನುಗಳ ನಡುವಿನಿಂದ.

"ಮಸೂದೆಯಲ್ಲಿ 'ಪ್ರತಿ ವರ್ಷ' ಅನ್ನೋದನ್ನ ಹೊಡೆದುಹಾಕಿದೆ ಅಂಡಿ. ಕೆಲವು ವರ್ಷಗಳ ಸರಾಸರಿ ಅಂತ ಬರೀತೀನಿ. ಎಷ್ಟು ಅಲೆ ನೋಡಿದರೆ ಸಾಕು?"

"ಎಷ್ಟಾದರೂ ಸರಿ, ಮೊದಲೇ ಬರೆದುಬಿಡಿ ಅಮ್ಮ. ಗೆರೆ ಮುಳುಗಿದ ದಿನ ಪ್ರತಿಯೊಬ್ಬ ಕ್ಯಾಪ್ಟನ್ನೂ ಇನ್ನೊಂದೇ ಒಂದು ಅಲೆ ನೋಡಿ ಅಂತಾನೆ."