ಟಾರ್ಪಾಲಿನ ಮೇಲಿನ ತುಂಡುಗಳು

ನಾನು ನಿಂತಿದ್ದದ್ದು ಕೊಟ್ಟಿಗೆಹಾರದ ಜೀಪ್ ಗ್ಯಾರೇಜಿನೊಳಗೆ, ಬಾಗಿಲಿಗೆ ಬೆನ್ನು ಮಾಡಿ, ಟೀವಿಯಿಂದ ಎರಡು ಮಾರು ದೂರದಲ್ಲಿ. 2003ರ ಫೆಬ್ರವರಿಯ ಮೊದಲನೇ ಶನಿವಾರ, ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ಬಾಳೂರಿನ ಕಾಫಿ ಎಸ್ಟೇಟೊಂದರಲ್ಲಿ ನಾನಾಗ ಲೆಕ್ಕ ಬರೆಯುವ ರೈಟರ್. ರೋಬಸ್ಟಾ ಕಾಫಿ ಕುಯ್ಲಿನ ನಡುವೆ ಎಸ್ಟೇಟ್ ಜೀಪಿನ ಕ್ಲಚ್ ಕೈಕೊಟ್ಟಿತ್ತು. ಅದನ್ನು ತೋರಿಸಲು ಬಂದಿದ್ದೆ.

ಗ್ಯಾರೇಜಿನ ಮೆಕ್ಯಾನಿಕ್‌ನನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರಿಗೆ ಒಬ್ಬಳೇ ಮಗಳು. ಮೂಡಿಗೆರೆಯಲ್ಲಿ ಎರಡನೇ ಪಿಯುಸಿ, ಸೈನ್ಸ್. ನಮ್ಮ ದೇಶದ ಸಣ್ಣ ಊರಿನಲ್ಲಿ ಹುಟ್ಟಿ, ವಿಮಾನದ ಇಂಜಿನಿಯರಿಂಗ್ ಓದಿ, ಅಮೆರಿಕದಿಂದ ಎರಡನೇ ಸಲ ಬಾಹ್ಯಾಕಾಶಕ್ಕೆ ಹೋಗಿದ್ದ ಆ ಹೆಂಗಸಿನ ಫೋಟೋವನ್ನು ಅವಳು ಪೇಪರಿನಿಂದ ಕತ್ತರಿಸಿ, ಸ್ಪ್ಯಾನರ್ ತೂಗುಹಾಕುವ ಹಲಗೆಗೆ ಅಂಟಿಸಿದ್ದಳು. ತಾನೂ ವಿಮಾನದ ಇಂಜಿನಿಯರಿಂಗನ್ನೇ ಓದುವುದೆಂದು ಹಟ ಹಿಡಿದು ಅಪ್ಪನನ್ನು ಒಪ್ಪಿಸಿಯೂ ಇದ್ದಳು. ಎದುರು ಹೋಟೆಲಿನ ಯಜಮಾನರು ದಿನಾ ಸಾಹೇಬರನ್ನು ಕೆಣಕುತ್ತಿದ್ದರು: "ಅವಳು ಚಂದ್ರನಿಗೆ ಹೋದ್ರೆ ನಮ್ಮ ಜೀಪಿಗೆ ಗ್ರೀಸ್ ಹಾಕೋರು ಯಾರು ಮಾರಾಯ?"

"ನಿನ್ನ ಹೋಟೆಲಿನ ಸಾಂಬಾರ್ ತಿಂದು ಬದುಕಿದವಳು, ಚಂದ್ರನಲ್ಲೂ ಬದುಕ್ತಾಳೆ ಬಿಡು," ಎನ್ನುತ್ತಿದ್ದರು ಸಾಹೇಬರು.

ಅಂದು ಆ ಹೆಂಗಸು ಭೂಮಿಗೆ ವಾಪಸಾಗುವ ದಿನ. ಹೋಟೆಲಿನವರೂ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಹುಡುಗಿ ನೆಲದಲ್ಲಿ ಕೂತು, ಚಾರ್ಮಾಡಿ ಘಾಟಿಯಲ್ಲಿ ಉರುಳಿದ್ದ ಜೀಪೊಂದರ ಭಾಗಗಳನ್ನು ಟಾರ್ಪಾಲಿನ ಮೇಲೆ ಜೋಡಿಸುತ್ತಿದ್ದಳು. ಅದು ಸಾಹೇಬರ ಪದ್ಧತಿ. ಬಿದ್ದ ಗಾಡಿ ಬಂದರೆ ಪ್ರತಿ ತುಂಡನ್ನೂ ಅದರದರ ಜಾಗದಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಮುರಿದದ್ದು ಯಾವುದೆಂದು ಹುಡುಕುವುದು. ಅದು ಸಿಗುವ ತನಕ ರಿಪೇರಿಗೆ ಕೈಹಾಕುತ್ತಿರಲಿಲ್ಲ.

ಟೀವಿಯಲ್ಲಿ ನಾನು ಕಂಡದ್ದು ಇಷ್ಟು: ನೀಲಿ ಆಕಾಶ, ಅಲ್ಲಿ ಆಗ ಬೆಳಿಗ್ಗೆಯಂತೆ. ಅದರಲ್ಲೊಂದು ಬಿಳಿ ಗೆರೆ. ಗೆರೆ ಎರಡಾಯಿತು, ಆಮೇಲೆ ಹಲವಾಯಿತು. ಗಗನನೌಕೆಯೇ ಒಡೆದಿದೆ, ಒಳಗಿದ್ದವರು ಉಳಿದಿರಲಾರರು ಎಂದು ವಾರ್ತೆಯವರು ಹೇಳಿದ ಮೇಲೇ ನಮಗೆ ತಿಳಿದದ್ದು. ಹುಡುಗಿಯ ಕೈಯಲ್ಲೊಂದು ಬ್ರೇಕ್ ಪೈಪಿತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.

ಸಾಹೇಬರು ಟೀವಿ ಆರಿಸಿದರು. "ಬೇಡ," ಅಂದರು ಮಗಳಿಗೆ. "ನೀನು ಟೀಚರ್ ಟ್ರೈನಿಂಗ್ ಮಾಡು."

ಅವಳು ಬ್ರೇಕ್ ಪೈಪನ್ನು ಟಾರ್ಪಾಲಿನ ಅಂಚಿಗಿಟ್ಟು ಎದ್ದಳು. ಆಮೇಲೆ ಹೋಟೆಲಿನವರೂ ಕೆಣಕುವುದನ್ನು ಬಿಟ್ಟರು.

ಕೆಲವು ವಾರ ಕಳೆದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಅದೇ ಜಾಗದಲ್ಲಿ ನಿಂತು ನಾನು ಇನ್ನೊಂದನ್ನು ನೋಡಿದೆ. ಟೀವಿಯಲ್ಲಿ ದೊಡ್ಡ ಶೆಡ್ಡು, ನೆಲದ ತುಂಬ ಎಳೆದ ಗೆರೆಗಳು, ಅವುಗಳ ನಡುವೆ ಹೊಲ ಕಾಡುಗಳಲ್ಲಿ ಹೆಕ್ಕಿ ತಂದ ಆ ಗಗನನೌಕೆಯ ಸುಟ್ಟ ತುಂಡುಗಳು. ಗಂಡಸರೂ ಹೆಂಗಸರೂ ಬಗ್ಗಿ ಒಂದೊಂದನ್ನೇ ಅದರ ಜಾಗದಲ್ಲಿ ಇಡುತ್ತಿದ್ದರು. ಸಾಹೇಬರು ಕೈ ಒರೆಸುತ್ತಿದ್ದ ಬಟ್ಟೆ ಹಿಡಿದೇ ಟೀವಿಯ ಹತ್ತಿರ ಹೋದರು.

"ಮೊದಲು ಮುರಿದದ್ದು ಹುಡುಕ್ತಿದ್ದಾರೆ," ಅಂದಳು ಮಗಳು. "ಆ ಕೆಲಸ ನನಗೆ ಬರುತ್ತೆ."

ಸಾಹೇಬರು ನನ್ನ ಕಡೆ ತಿರುಗಿ, "ರೈಟ್ರೇ, ಆ ಇಂಜಿನಿಯರಿಂಗ್ ಸೇರೋ ಪರೀಕ್ಷೆ ಯಾವಾಗ ಅಂತ ಸ್ವಲ್ಪ ವಿಚಾರಿಸಿ ಹೇಳಿ," ಅಂದರು.

ಸಾಹೇಬರು ಈಗಿಲ್ಲ. ಆ ಶನಿವಾರ ಸಂಜೆ ಗ್ಯಾರೇಜಿನಲ್ಲಿ ಅದನ್ನು ಕಂಡವರಲ್ಲಿ ನಾನಿನ್ನೂ ಇದ್ದೇನೆ. ಹೋಟೆಲಿನವರಿದ್ದಾರೆ, ಅವರಿಗೆ ಕಿವಿ ಮಂದವಾಗಿದೆ. ಆ ಹುಡುಗಿ ಇದ್ದಾಳೆ. ವಿಮಾನ ರಿಪೇರಿ ಮಾಡುವ ಕಡೆ, ಮುರಿದು ಬಂದ ಭಾಗಗಳನ್ನು ಪರೀಕ್ಷೆ ಮಾಡುತ್ತಾಳೆ.