ಹಿತ್ತಲಿಗೆ ಎಂಥ ಸೂರು

ಚಾಮರಾಜಪೇಟೆಯ ನಮ್ಮ ಮನೆಗೆ ಎಡಕ್ಕೂ ಬಲಕ್ಕೂ ಕಿಟಕಿಯಿಲ್ಲ. ಎರಡೂ ಪಕ್ಕದ ಮನೆಗಳು ನಮ್ಮ ಗೋಡೆಗೇ ಅಂಟಿಕೊಂಡಿವೆ. ಬೆಳಕು ಬಂದರೆ ಬೀದಿ ಕಡೆಯಿಂದ ಬರಬೇಕು, ಇಲ್ಲ ಹಿತ್ತಲಿನಿಂದ. ನಡುಮನೆಯ ಆಚೆಗಿದ್ದ, ಹಿತ್ತಲ ಕಡೆಗೂ ಬರೀ ಗೋಡೆಯಿದ್ದ ಅಡುಗೆಮನೆಯನ್ನು ಅದು ಎರಡೂ ಕಡೆಯಿಂದ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಿಕೊಂಡು ಅಕ್ಕಿ ಆರಿಸಿದವಳು. ಮಗಳ ಮದುವೆ ಮುಗಿದ ಮೇಲೆ, ಹಿತ್ತಲಿಗೆ ಸೂರು ಹಾಕಿ ಅಡುಗೆಮನೆಯನ್ನು ಅಲ್ಲಿಗೆ ಸಾಗಿಸೋಣ ಎಂದು ನನ್ನ ಗಂಡ ಒಪ್ಪಿದರು. ಆಗ ನಾನು ಕೇಳಿದ್ದು ಒಂದೇ. ಸೂರು ಪೂರ್ತಿ ಗಾಜಿನದ್ದಾಗಬೇಕು.

ಕಂಟ್ರಾಕ್ಟರ್ ಎರಡು ದಾರಿ ಹೇಳಿದ್ದ. ಕಬ್ಬಿಣದ ಚೌಕಟ್ಟು ನಿಲ್ಲಿಸಿ ಇಡೀ ಹಿತ್ತಲಿಗೆ ದಪ್ಪ ಗಾಜು ಹೊದಿಸುವುದು ಒಂದು. ಇನ್ನೊಂದು, ಮಾಮೂಲಿ ಕಾಂಕ್ರೀಟ್ ಮೋಲ್ಡಿಂಗ್ ಹಾಕಿ, ಅದರಲ್ಲೇ ಜಾಗ ಬಿಟ್ಟು, ಮೇಲಕ್ಕೆ ತೆರೆದುಕೊಳ್ಳುವ ಕಿಟಕಿಗಳನ್ನು ಕೂರಿಸುವುದು.

"ಗಾಜಾದ್ರೆ ಆಕಾಶದ ಕೆಳಗೇ ಅಡುಗೆ ಮಾಡ್ದಂಗಿರುತ್ತೆ ಮೇಡಂ" ಅಂದ. ನನಗೆ ಅಷ್ಟು ಸಾಕಾಗಿತ್ತು.

ಅತ್ತೆಗೆ ಸಾಕಾಗಲಿಲ್ಲ. "ಒಗ್ಗರಣೆ ಘಾಟು ಎಲ್ಲಿಗೆ ಹೋಗುತ್ತಪ್ಪಾ?" ಎಂದು ಕೇಳಿದರು.

"ಚಿಮಣಿ ಹಾಕೋಣ ಅಜ್ಜಿ."

"ಕರೆಂಟ್ ಹೋದ್ರೆ?"

ಅವನು ನಕ್ಕು ನನ್ನ ಮುಖ ನೋಡಿದ. ನಾನು ಗೋಡೆ ಕಡೆ ನೋಡಿದೆ.

ಅತ್ತೆಗೆ ಉಬ್ಬಸ. ಮಾವ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಅವರು ತಾವೇ ಮಾರ್ಕೆಟ್ಟಿಗೆ ಹೋಗಿ, ತರಕಾರಿ ಮಂಡಿಯಲ್ಲಿ ಕೂತು, ವ್ಯಾಪಾರ ಮಾಡಿ ಮಗನನ್ನು ಬೆಳೆಸಿದವರು. ಆ ಮಂಡಿಯನ್ನು ಈಗ ನನ್ನ ಗಂಡ ನಡೆಸುತ್ತಾರೆ. ಅಲ್ಲಿಯ ಧೂಳು ಮಾತ್ರ ಅತ್ತೆಯ ಎದೆಯಲ್ಲೇ ಉಳಿಯಿತು. ಬೆಳಗಿನ ಹೊತ್ತು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು, ಬಾಯಿ ಸ್ವಲ್ಪ ತೆರೆದು, ಸುಮ್ಮನೆ ಉಸಿರಾಡುತ್ತಾ ಕೂರುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನನಗೆ ಗಾಜೇ ಬೇಕಿತ್ತು.

ಅವರ ಮನಸ್ಸು ತಿರುಗಿಸಲೆಂದು ಮಲ್ಲೇಶ್ವರದಲ್ಲಿದ್ದ ನನ್ನ ಗೆಳತಿಯ ಮನೆಗೆ ಕರೆದುಕೊಂಡು ಹೋದೆ. ಅವಳು ಊಟದ ಕೋಣೆಗೆ ಗಾಜಿನ ಸೂರು ಹಾಕಿಸಿದ್ದಳು. ಹೋದಾಗ ಮಧ್ಯಾಹ್ನ ಮೂರು ಗಂಟೆ. ಅವಳು ನಮ್ಮನ್ನು ಹಾಲಿನಲ್ಲೇ ಕೂರಿಸಿ ಕಾಫಿ ಕೊಟ್ಟಳು. ನಾನೇ ಬಾಯಿಬಿಟ್ಟು ಕೇಳಿದ ಮೇಲೆ ಒಳಗೆ ಕರೆದೊಯ್ದಳು. ಗಾಜಿನ ಕೆಳಗೆ ಉದ್ದಕ್ಕೂ ಎರಡು ಹಳೆ ಬಿಳಿ ಪಂಚೆ ಕಟ್ಟಿದ್ದರು. ಊಟದ ಮೇಜಿನ ಮೇಲೆ ಕೈಯಿಟ್ಟೆ, ಬಿಸಿಯಾಗಿತ್ತು.

"ಬೇಸಿಗೇಲಿ ಸ್ವಲ್ಪ ಕಷ್ಟ ಕಣೆ. ಆದ್ರೆ ಬೆಳಗ್ಗೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?" ಅಂದಳು.

ನಾನು ಪಂಚೆಯ ಅಂಚಿನಿಂದ ಆಚೆಗೆ ನೋಡಿದೆ. ಪಕ್ಕದ ಮನೆಯ ಸಂಪಿಗೆ ಮರದ ಕೊಂಬೆಯೊಂದು ಗಾಜಿನ ಮೇಲೆಯೇ ಚಾಚಿಕೊಂಡಿತ್ತು. ಎಲೆಗಳ ಸಂದಿಯಲ್ಲಿ ನೀಲಿ. ಅಷ್ಟು ಚೆಂದದ್ದೊಂದು ಮನೆಯೊಳಗೆ ಇರಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹಿಂದೆ ತಿರುಗಿದರೆ ಅತ್ತೆ ಇರಲಿಲ್ಲ. ಆಗಲೇ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತಿದ್ದರು.

ಆಟೋ ಹಿಡಿದು ಮನೆಗೆ ಬಂದೆವು. ಬಾಗಿಲು ತೆಗೆಯುತ್ತಿದ್ದಂತೆ ನಾನೇ ಶುರು ಮಾಡಿದೆ.

"ಏನೂ ಹೇಳ್ದೆ ಎದ್ದು ಹೋಗ್ಬಿಟ್ರಲ್ಲ ಅತ್ತೆ. ಅವಳೇನು ಅಂದ್ಕೋಬೇಕು?"

"ಉಸಿರು ಕಟ್ತು, ಹೋದೆ."

"ನನಗೂ ಇಷ್ಟು ವರ್ಷ ಆ ಕತ್ತಲೇಲಿ ಉಸಿರು ಕಟ್ಟಿದೆ. ಅದನ್ಯಾರೂ ಕೇಳಿಲ್ಲ."

ಅವರು ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. ನನ್ನ ದನಿ ಅಷ್ಟು ಜೋರಾಗಿದ್ದು ನನಗೂ ಹೊಸದು. ಗಂಡ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದರು. "ನೀವಿಬ್ರೂ ಮಾತಾಡ್ಕೊಂಡು ಏನಾದ್ರೂ ಒಂದು ಹೇಳಿ. ಕಂಟ್ರಾಕ್ಟರ್ ಗಾಜಿಗೆ ಆರ್ಡರ್ ಕೊಡ್ಬೇಕಂತೆ" ಎಂದು ಹೇಳಿ ಮುಖ ತೊಳೆಯಲು ಹೋದರು. ಆ ವಾರವಿಡೀ ಉಪ್ಪು ಕೊಡಿ, ನೀರು ಬಂತು, ಗೇಟು ಹಾಕು ಎಂಬಷ್ಟರಲ್ಲೇ ಕಳೆಯಿತು.

ಅಷ್ಟರಲ್ಲಿ ಕೆಲಸದವರು ಅಡುಗೆಮನೆಯ ಹಿಂದಿನ ಗೋಡೆ ಒಡೆದರು. ಒಲೆಯನ್ನು ಹಿತ್ತಲಿಗೆ ಸಾಗಿಸಿ ಮೇಲೆ ಟಾರ್ಪಾಲ್ ಕಟ್ಟಿಕೊಂಡೆವು. ಒಂದು ಸಂಜೆ ಮಳೆ ಬೀಸಿ ಹೊಡೆದಿದ್ದರಿಂದ ಅದನ್ನು ನಾಲ್ಕೂ ಕಡೆ ಗೋಡೆಗೆ ಬಿಗಿದು ಕಟ್ಟಿ ಹೋಗಿದ್ದರು.

ಮಾರನೆಯ ಬೆಳಗ್ಗೆ ಗಂಡ ಎಂದಿನಂತೆ ಮಾರ್ಕೆಟ್ಟಿಗೆ ಹೋಗಿದ್ದರು. ಅತ್ತೆ ತಮ್ಮ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾನು ಹುಳಿಗೆ ಒಗ್ಗರಣೆ ಇಟ್ಟು, ಒಣಮೆಣಸಿನಕಾಯಿ ಹಾಕುವ ಹೊತ್ತಿಗೆ ಬೀದಿಯಲ್ಲಿ ಮರಳಿನ ಲಾರಿ ಹಾರ್ನ್ ಹೊಡೆಯತೊಡಗಿತು. ಬಾಗಿಲ ಮುಂದಿನ ಸ್ಕೂಟರ್ ತೆಗೆಯಬೇಕಿತ್ತು. ಓಡಿದೆ. ಬೀಗದ ಕೈ ಸಿಗಲಿಲ್ಲ, ಹುಡುಕಿದೆ, ಸ್ಕೂಟರ್ ಸರಿಸಿದೆ. ವಾಪಸ್ ನಡುಮನೆಗೆ ಬರುತ್ತಿದ್ದಂತೆ ಘಾಟು ಗಂಟಲಿಗೆ ಹೊಡೆಯಿತು.

ಟಾರ್ಪಾಲಿನ ಕೆಳಗೆ ಹೊಗೆ ಕದಲದೆ ನಿಂತಿತ್ತು. ಅತ್ತೆ ಅರ್ಧ ಎದ್ದಿದ್ದರು. ಒಂದು ಕೈಯಲ್ಲಿ ಕುರ್ಚಿ ಹಿಡಿದು, ಇನ್ನೊಂದರಲ್ಲಿ ಸೆರಗನ್ನು ಕುತ್ತಿಗೆಯಿಂದ ಎಳೆಯುತ್ತಿದ್ದರು. ಕೆಮ್ಮು ಕೂಡ ಬರುತ್ತಿರಲಿಲ್ಲ. ಕಣ್ಣು ಮಾತ್ರ ನನ್ನ ಮೇಲಿತ್ತು. ಒಲೆ ಆರಿಸಿ, ಹಗ್ಗದ ಗಂಟಿಗೆ ಕೈ ಹಾಕಿದೆ. ನೆನೆದ ಗಂಟು, ಜಗ್ಗಲಿಲ್ಲ. ಬಿಟ್ಟು, ಅವರನ್ನು ಎದೆಗೊರಗಿಸಿಕೊಂಡು ಬೀದಿ ಬಾಗಿಲಿಗೆ ಎಳೆದುಕೊಂಡೇ ಬಂದೆ. ಇನ್‌ಹೇಲರ್ ಬಾಯಿಗಿಟ್ಟರೆ ಎಳೆದುಕೊಳ್ಳುವಷ್ಟೂ ಉಸಿರಿರಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು.

ಲಾರಿ ಬೀದಿಗೆ ಅಡ್ಡ ನಿಂತು ಆಟೋ ಒಳಗೆ ಬರುವಂತಿರಲಿಲ್ಲ. "ಲಾರಿ ತೆಗೀರಪ್ಪಾ!" ಎಂದು ಕಿರುಚಿದೆ. ಡ್ರೈವರ್ ಅತ್ತೆಯ ಮುಖ ನೋಡಿದವನೇ ಹಾರಿ ಹತ್ತಿ, ರಿವರ್ಸ್‌ನಲ್ಲೇ ಮೂಲೆಯವರೆಗೆ ಹೋದ. ಬಸವನಗುಡಿಯ ನರ್ಸಿಂಗ್ ಹೋಮ್ ಮುಟ್ಟುವವರೆಗೆ ಆಟೋದವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡೆವು. ಮುಂದೆ ಬಸ್ಸು, ಪಕ್ಕದಲ್ಲಿ ಕಾರು. ಅತ್ತೆಯ ಉಗುರು ನನ್ನ ತೋಳಿಗೆ ಊರಿತ್ತು. ಆ ಹಿಡಿತ ಸಡಿಲವಾದೀತು ಎಂಬುದೊಂದೇ ನನ್ನ ಭಯ. "ಬಂತು ಅತ್ತೆ, ಬಂದ್ಬಿಟ್ವಿ" ಎನ್ನುತ್ತಲೇ ಇದ್ದೆ.

ನೆಬ್ಯುಲೈಸರ್ ಹಾಕಿ, ಇಂಜೆಕ್ಷನ್ ಕೊಟ್ಟು, ಎಷ್ಟೋ ಹೊತ್ತಿನ ಮೇಲೆ ಡಾಕ್ಟರು "ಇನ್ನೇನೂ ಭಯವಿಲ್ಲ" ಅಂದರು. ಗಂಡ ಮಂಡಿಯಿಂದ ಹಾಗೇ ಓಡಿಬಂದಿದ್ದರು, ಅಂಗಿಗೆಲ್ಲ ಕೊತ್ತಂಬರಿ ವಾಸನೆ. ನಾನು ಬೆಂಚಿನ ಮೇಲೆ ಕೂತು ಆಗ ಅತ್ತುಬಿಟ್ಟೆ.

ಸಂಜೆ ಅತ್ತೆ ಮಾಸ್ಕ್ ಸರಿಸಿ ನನ್ನನ್ನು ಹತ್ತಿರ ಕರೆದರು. ಗಾಜಿನ ಮಾತು ಈಗ ಮುಗಿಯಿತು ಎಂದುಕೊಂಡೆ. ಅವರು ಅಂದದ್ದೇ ಬೇರೆ.

"ನೀನು ಗಾಜೇ ಹಾಕಿಸ್ಕೊಳ್ಳಮ್ಮ. ನಾನು ಮುಂದಿನ ರೂಮಲ್ಲಿ ಇದ್ಬಿಡ್ತೀನಿ."

ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಹೀಗೆ ಬಿಟ್ಟುಕೊಟ್ಟರೆ ಏನು ಮಾಡುವುದು? "ಮುಂದಿನ ರೂಮಲ್ಲಿ ಬೀದಿ ಧೂಳು ಕುಡೀತೀರಾ?" ಅಂದೆ. "ಹಿತ್ತಲು ನನ್ನೊಬ್ಬಳದ್ದೇನಲ್ಲ. ಕಿಟಕಿನೇ ಇಡ್ಸೋಣ. ಆದ್ರೆ ದೊಡ್ಡವು ಬೇಕು ನನಗೆ. ಕಂಟ್ರಾಕ್ಟರ್ ತೋರ್ಸಿದ ಗೂಡುಗಳೆಲ್ಲ ಆಗಲ್ಲ."

"ದೊಡ್ಡವೇ ಇಡ್ಸು" ಅಂದರು. ಮಾಸ್ಕ್ ಹಾಕಿಕೊಳ್ಳುವ ಮೊದಲು, "ಅದ್ರಲ್ಲೊಂದು ಒಲೆ ಮೇಲೇ ಬರ್ಲಿ."

ನಡುವೆ ತೊಲೆ ಬರುತ್ತದೆ, ಆಗುವುದಿಲ್ಲ ಅಂದ ಕಂಟ್ರಾಕ್ಟರ್. ನಾನು ಬಿಡಲಿಲ್ಲ. ಕೊನೆಗೆ ತೊಲೆಯ ಆಚೆಗೊಂದು ಈಚೆಗೊಂದು, ಒಲೆಯ ನೆತ್ತಿಗೆ ಇನ್ನೊಂದು ಕೂತವು. ಮಲ್ಲೇಶ್ವರದಲ್ಲಿ ನೋಡಿದ ಆಕಾಶ ನನಗೆ ಸಿಗಲಿಲ್ಲ. ಸಿಕ್ಕಿದ್ದು ಮೂರು ತುಂಡು. ಮೋಡ ಕವಿದ ದಿನ ಅದೂ ಮಂಕು. ಗೆಳತಿಯ ಮನೆಗೆ ಹೋದಾಗ ಇವತ್ತಿಗೂ ಒಂದು ಸಲ ಒಳಗೆ ಹೋಗಿ ಕತ್ತೆತ್ತಿ ನೋಡಿ ಬರುತ್ತೇನೆ. ಆಸೆ ಪೂರ್ತಿ ಹೋಗಿಲ್ಲ.

ಕಿಟಕಿ ತೆರೆಯಲು ಉದ್ದನೆಯ ಕೋಲೊಂದನ್ನು ಕೊಟ್ಟಿದ್ದಾರೆ, ತುದಿಗೆ ಕೊಕ್ಕೆ. ಅದು ಅತ್ತೆಯ ಕೈಯಲ್ಲೇ ಇರುತ್ತದೆ. ಮೊನ್ನೆ ತುಂತುರು ಶುರುವಾಗಿ ಬಾಣಲೆಯ ಎಣ್ಣೆಗೆ ಹನಿ ಬಿದ್ದು ಸಿಡಿಯಿತು. "ಮುಚ್ಚಿ ಅತ್ತೆ, ಕೈ ಸುಟ್ಕೋತೀನಿ" ಎಂದು ಕೂಗಿದೆ.

"ಬಾಣಲೆ ಆ ಕಡೆ ಒಲೆಗೆ ಇಡು" ಅಂದರು, ಕೂತಲ್ಲಿಂದಲೇ.

ಬಾಣಲೆಯನ್ನು ಎತ್ತಿ ಆ ಕಡೆ ಒಲೆಗೆ ಇಟ್ಟೆ.